ಹಿನ್ನೀರಿನ ದಂಡೆಯಲ್ಲಿ ರಾತ್ರಿ ಹತ್ತರ ನಂತರ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಲೆನಾಡಿನ ಹಿನ್ನೀರು, ಬೆಟ್ಟ, ಜಲಪಾತಗಳ ಆಸುಪಾಸಿನಲ್ಲಿ ಈಚೆಗೆ ಹೆಚ್ಚುತ್ತಿರುವ ಸಾರ್ವಜನಿಕ ಟೆಂಟ್ ತಾಣಗಳಲ್ಲಿ ರಾತ್ರಿ ಹೊತ್ತು ನಡೆಯುವ ಗದ್ದಲದ ಕಡೆಗೆ ಸಂಬಂಧಪಟ್ಟವರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ವಾಚಕರ ಪತ್ರಕ್ಕೆ ತಾವು ಕೊಡುವ ಜಾಗ ಚಿಕ್ಕದೆಂದು ಬಲ್ಲೆ. ಆದರೂ ನಡೆದದ್ದನ್ನು ಪೂರ್ತಿಯಾಗಿ ಹೇಳದೆ ಬರೀ ದೂರು ಬರೆದರೆ, ‘ಹುಡುಗರು ಒಂದು ದಿನ ಖುಷಿಪಟ್ಟರೆ ಇವರಿಗೇನು ಕಷ್ಟ’ ಎಂಬ ಒಂದೇ ಮಾತಿನಲ್ಲಿ ಅದು ಮುಗಿದುಹೋಗುತ್ತದೆ ಎಂಬ ಭಯದಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ನನ್ನ ತಂದೆಗೆ ಈಗ 76 ವರ್ಷ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಮುಳುಗಿದ ಊರುಗಳಲ್ಲಿ ಅವರದೂ ಒಂದು. ದನಕರು, ಪಾತ್ರೆ ಪಗಡ, ಮನೆಯಿಂದ ಬಿಚ್ಚಿ ತಂದ ಬಾಗಿಲು ಮತ್ತು ಹೆಂಚುಗಳ ಜೊತೆಗೆ ಲಾರಿ ಹತ್ತಿ ಶಿವಮೊಗ್ಗದ ಕಡೆಗೆ ಬಂದಾಗ ಅವರಿನ್ನೂ ಹೈಸ್ಕೂಲಿನ ಹುಡುಗ. ಆಮೇಲೆ ಎಷ್ಟೋ ಸಲ ಸಾಗರಕ್ಕೆ, ಸಿಗಂದೂರಿಗೆ ಹೋಗಿ ಬಂದಿದ್ದಾರೆ. ಲಾಂಚಿನಲ್ಲಿ ನಿಂತು ನೀರಿನ ಕಡೆಗೆ ಕೈ ತೋರಿಸಿ ‘ಅಲ್ಲೆಲ್ಲೋ ನಮ್ಮ ಮನೆ’ ಎಂದೂ ಹೇಳಿದ್ದಾರೆ. ಆದರೆ ಆ ನೀರಿನ ಪಕ್ಕದಲ್ಲಿ ಒಂದು ರಾತ್ರಿಯೂ ಮಲಗಿರಲಿಲ್ಲ. ದಂಡೆಯ ಮೇಲೆಯೇ ಟೆಂಟ್ ಹಾಕಿ ಉಳಿಯಬಹುದು ಎಂದು ಮೊಮ್ಮಗಳು ಹೇಳಿದಾಗ, ಯಾವುದಕ್ಕೂ ಸುಲಭವಾಗಿ ಹ್ಞೂಂ ಎನ್ನದ ಮನುಷ್ಯ ಒಂದೇ ಮಾತಿಗೆ ಒಪ್ಪಿದರು. ಕಳೆದ ಫೆಬ್ರವರಿಯ ಎರಡನೇ ಶನಿವಾರ, ಬ್ಯಾಂಕಿಗೆ ರಜೆ ಇದ್ದುದರಿಂದ, ನಾವು ನಾಲ್ವರು ಸಾಗರ ತಾಲ್ಲೂಕಿನ ಹಿನ್ನೀರಿನ ದಂಡೆಯ ಒಂದು ಟೆಂಟ್ ತಾಣಕ್ಕೆ ಹೋದೆವು. ತಾಣದ ಹೆಸರು ಬರೆಯುವುದಿಲ್ಲ. ನಾನು ಹೇಳಹೊರಟಿರುವುದು ಒಂದು ಜಾಗದ ಕಥೆಯಲ್ಲ. ಆಮೇಲೆ ಸಹೋದ್ಯೋಗಿಗಳನ್ನು ವಿಚಾರಿಸಿದಾಗ ತೀರ್ಥಹಳ್ಳಿ, ಹೊಸನಗರದ ಕಡೆ ಹೋಗಿಬಂದವರೂ ಇದನ್ನೇ ಹೇಳಿದರು.

ಸಂಜೆ ನಾಲ್ಕರ ಸುಮಾರಿಗೆ ತಲುಪಿದಾಗ ಇಪ್ಪತ್ತು ಟೆಂಟುಗಳಿದ್ದಿರಬಹುದು. ನೀರು ಅಷ್ಟರಲ್ಲಿ ಸಾಕಷ್ಟು ಇಳಿದಿತ್ತು. ಕೆಂಪು ಮಣ್ಣಿನ ದಂಡೆಯಲ್ಲಿ, ಅರವತ್ತು ವರ್ಷ ಬೇಸಿಗೆಯಲ್ಲಿ ಒಣಗಿ ಮಳೆಗಾಲದಲ್ಲಿ ನೆನೆದು ಕಪ್ಪಾದ ಮರದ ಬೊಡ್ಡೆಗಳು ಸಾಲಾಗಿ ಎದ್ದಿದ್ದವು. ತಂದೆಯವರು ಕುರ್ಚಿಯನ್ನು ನೀರಿನ ಕಡೆಗೆ ತಿರುಗಿಸಿಕೊಂಡು ಕೂತು ಆ ಬೊಡ್ಡೆಗಳ ಗುರುತಿನ ಮೇಲೆ ಹಳೆಯ ಗಾಡಿರಸ್ತೆ ಎಲ್ಲಿ ತಿರುಗುತ್ತಿತ್ತು, ಯಾರ ತೋಟ ಎಲ್ಲಿಗೆ ಮುಗಿಯುತ್ತಿತ್ತು ಎಂದು ಮೊಮ್ಮಗಳಿಗೆ ಹೇಳತೊಡಗಿದರು. ಅವರು ಹೇಳುವುದರಲ್ಲಿ ಯಾವಾಗಲೂ ಬರುವ ಒಂದು ಸಂಗತಿ ಹೊಳೆಯ ಶಬ್ದ. ಹಾಸಿಗೆಯಲ್ಲಿ ಮಲಗಿದರೆ ಕಲ್ಲಿಗೆ ಬಡಿಯುವ ನೀರಿನ ಶಬ್ದ ಕೇಳುತ್ತಿತ್ತಂತೆ, ಮಳೆಗಾಲದಲ್ಲಿ ಅದು ಎಷ್ಟು ಏರಿತು ಎನ್ನುವುದರ ಮೇಲೆ ನಾಳೆ ದಾಟಲು ಆಗುತ್ತದೆಯೋ ಇಲ್ಲವೋ ಎಂದು ಅಜ್ಜಿ ಮಲಗಿದಲ್ಲಿಂದಲೇ ಹೇಳುತ್ತಿದ್ದರಂತೆ.

ಆರೂವರೆಯ ನಂತರ ಗಾಡಿಗಳು ಬರತೊಡಗಿದವು. ಒಂಬತ್ತು ಗಂಟೆಯವರೆಗೂ ಬರುತ್ತಲೇ ಇದ್ದವು. ಕತ್ತಲಲ್ಲಿ ಬಂದವರು ಕಾರಿನ ಹೆಡ್‌ಲೈಟನ್ನು ಟೆಂಟುಗಳ ಮೇಲೆ ಬಿಟ್ಟುಕೊಂಡೇ ಗೂಟ ಹೊಡೆದರು. ನಮ್ಮ ಟೆಂಟಿಗೂ ಪಕ್ಕದ್ದಕ್ಕೂ ನಡುವೆ ಹತ್ತು ಹನ್ನೆರಡು ಅಡಿ ಇದ್ದ ಜಾಗದಲ್ಲಿ ಇನ್ನೊಂದು ಟೆಂಟ್ ಎದ್ದಿತು. ಅದರ ಹಗ್ಗ ನಮ್ಮ ಹಗ್ಗದ ಮೇಲೆ ಹಾದುಹೋಯಿತು. ಮಗಳು ಎಣಿಸಿದ್ದು 63 ಟೆಂಟುಗಳು. ಶೌಚಾಲಯಗಳು ನಾಲ್ಕು. ಆ ವಿಚಾರವನ್ನು ಇಲ್ಲಿಗೇ ಬಿಡುತ್ತೇನೆ.

ಹಾಡು ಶುರುವಾದದ್ದು ಏಳೂವರೆಗೆ, ಮೊದಲು ಒಂದು ಕಡೆ. ಅದು ನಮಗೇನೂ ತೊಂದರೆ ಎನಿಸಲಿಲ್ಲ; ಒಂದೆರಡು ಹಳೆಯ ಹಾಡುಗಳಿಗೆ ನನ್ನ ಪತಿಯೂ ದನಿಗೂಡಿಸಿದರು. ಎಂಟೂವರೆಗೆ ಎರಡನೇ ಗುಂಪಿನವರು ತಮ್ಮ ಸ್ಪೀಕರ್ ತೆಗೆದರು. ಮೊದಲಿನವರಿಗೆ ತಮ್ಮ ಹಾಡು ತಮಗೇ ಕೇಳದಾಯಿತು, ಅವರು ಏರಿಸಿದರು, ಇವರೂ ಏರಿಸಿದರು. ಹತ್ತಕ್ಕೆ ನಿಲ್ಲಬಹುದು ಎಂದುಕೊಂಡೆವು, ಹನ್ನೊಂದಕ್ಕೂ ನಿಲ್ಲಲಿಲ್ಲ. ಹನ್ನೊಂದು ಇಪ್ಪತ್ತಕ್ಕೆ ನನ್ನ ಪತಿ ಎದ್ದು ಹೋಗಿ, ಮಲಗಿದ ವಯಸ್ಸಾದವರಿದ್ದಾರೆ ಎಂದು ಕೇಳಿಕೊಂಡರು. ಆ ಹುಡುಗರು ಒರಟಾಗಿ ಮಾತಾಡಲಿಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ‘ಸಾರಿ ಅಂಕಲ್, ಐದೇ ನಿಮಿಷ’ ಎಂದರು, ಕೂಡಲೇ ಸದ್ದು ಇಳಿಸಿದರು, ಕೂತು ಊಟ ಮಾಡಿ ಎಂದೂ ಕರೆದರು. ಹತ್ತು ನಿಮಿಷಕ್ಕೆ ಸದ್ದು ಮತ್ತೆ ಏರಿತು. ಹನ್ನೆರಡಕ್ಕೆ ಸರಿಯಾಗಿ ಯಾರದೋ ಹುಟ್ಟುಹಬ್ಬ ಬಂತು. ಕೇಕು, ಕೂಗು, ಪಟಾಕಿ. ಪಟಾಕಿಯ ಸದ್ದು ಎದುರಿನ ಗುಡ್ಡಕ್ಕೆ ಬಡಿದು ತಿರುಗಿ ಬರುವಷ್ಟರಲ್ಲಿ ಮೂರನೆಯ ಟೆಂಟಿನಲ್ಲಿದ್ದ ಹಸುಗೂಸು ಅಳತೊಡಗಿತ್ತು.

ನಾನು ಎದ್ದು ಕಾವಲುಗಾರನನ್ನು ಹುಡುಕಿದೆ. ಗೇಟಿನ ಬಳಿ ಟಾರ್ಚ್ ಹಿಡಿದು, ಕಂಬಳಿ ಹೊದ್ದು ಕೂತಿದ್ದ ಆತ ಅದೇ ಊರಿನವರು, ಅರವತ್ತರ ಮೇಲಿನವರು. ನನ್ನ ಮಾತನ್ನೆಲ್ಲ ಕೇಳಿಕೊಂಡು ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: ‘ನಾ ಹೇಳಿದ್ರೆ ಕೇಳ್ತಾರಾ ಅಮ್ಮಾ? ಜೋರು ಮಾಡಿದ್ರೆ ಮೊಬೈಲಲ್ಲಿ ಸ್ಟಾರ್ ಕಮ್ಮಿ ಕೊಡ್ತಾರೆ. ಆಮೇಲೆ ಸೋಮವಾರ ನನ್ಗೇ ಬೈತಾರೆ.’ ಅಂದರೆ ನಿದ್ದೆಗೆಟ್ಟವರು ತೆಪ್ಪಗೆ ಎದ್ದು ಮನೆಗೆ ಹೋಗುತ್ತಾರೆ, ಕುಣಿದವರು ಮೆಚ್ಚುಗೆ ಬರೆಯುತ್ತಾರೆ. ಹೀಗಿರುವಾಗ ನಡೆಸುವವರಿಗೆ ಯಾರ ಮಾತು ಮುಖ್ಯವಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಆ ಸ್ಥಳದ ಜವಾಬ್ದಾರಿ ಹೊತ್ತವರೊಬ್ಬರ ಫೋನ್ ನಂಬರ್ ರಸೀದಿಯಲ್ಲಿತ್ತು. ಮೂರು ಸಲ ಮಾಡಿದೆ. ಸ್ವಿಚ್ ಆಫ್ ಆಗಿತ್ತು.

ಎರಡೂ ಮುಕ್ಕಾಲರ ಹೊತ್ತಿಗೆ ಜನರೇಟರ್ ನಿಂತಿತು. ಡೀಸೆಲ್ ಮುಗಿಯಿತೋ ಏನೋ. ಅಷ್ಟೊತ್ತಿಗೆ ಒಂದು ಸ್ಪೀಕರಿನ ಬ್ಯಾಟರಿಯೂ ಸತ್ತಿರಬೇಕು, ಇನ್ನೊಂದು ಗುಂಪು ಮಲಗಿರಬೇಕು. ಒಮ್ಮೆಲೇ ಎಲ್ಲವೂ ನಿಂತಾಗ ಮೊದಲು ಕೇಳಿಸಿದ್ದು ಟೆಂಟಿನ ಮೇಲೆ ಇಬ್ಬನಿ ತೊಟ್ಟಿಕ್ಕುವ ಸದ್ದು. ಆಮೇಲೆ ದೂರದಲ್ಲಿ ಗೂಬೆ. ನೀರಿನಲ್ಲಿ ಮೀನು ಎಗರಿ ಬಿದ್ದದ್ದು. ತಂದೆಯವರು ನಿದ್ದೆ ಮಾಡಿರಲಿಲ್ಲ. ಕತ್ತಲಲ್ಲೇ ‘ಕೇಳ್ತಾ ಇದೀಯ? ಹೊಳೆ ಮುಳುಗಿದ ಮೇಲೆ ಅದಕ್ಕೆ ಶಬ್ದವೇ ಇಲ್ಲ ನೋಡು’ ಎಂದರು. ಕಾಲು ಗಂಟೆ ಕಳೆದಿರಲಿಕ್ಕಿಲ್ಲ, ಜನರೇಟರ್ ಮತ್ತೆ ಶುರುವಾಯಿತು.

ಬೆಳಿಗ್ಗೆ ನಾವೇ ಮಾಡಿದ ತಪ್ಪನ್ನೂ ಹೇಳಿಬಿಡುವುದು ನ್ಯಾಯ. ನಿದ್ದೆಯಿಲ್ಲದ ಸಿಟ್ಟಿನಲ್ಲಿ ಐದಕ್ಕೇ ಎದ್ದು ಸಾಮಾನು ಕಟ್ಟತೊಡಗಿದೆವು. ಸ್ಟೀಲ್ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟೆ, ಕಾರಿನ ಡಿಕ್ಕಿಯನ್ನು ಎರಡು ಸಲ ದಢಾರನೆ ಹಾಕಿದೆವು, ಪ್ರತಿ ಸಲ ಲಾಕ್ ಮಾಡಿದಾಗಲೂ ಕಾರು ಕೀಂ ಕೀಂ ಎಂದಿತು. ಆಗತಾನೇ ಮಲಗಿದ್ದ ಆ ಹಸುಗೂಸು ಮತ್ತೆ ಎದ್ದಿತು. ಅದರ ತಾಯಿ ಟೆಂಟಿನ ಜಿಪ್ ಸರಿಸಿ ನನ್ನನ್ನು ನೋಡಿದ ನೋಟ, ರಾತ್ರಿ ನಾನು ಆ ಹುಡುಗರನ್ನು ನೋಡಿದ ನೋಟವೇ. ಟೆಂಟಿನೊಳಗೆ ಹೊಕ್ಕು ಜಿಪ್ ಎಳೆದುಕೊಂಡ ಕೂಡಲೇ ಸುತ್ತ ಗೋಡೆ ಎದ್ದಿತು ಎಂಬ ಭ್ರಮೆ ಎಲ್ಲರಿಗೂ ಬರುತ್ತದೆ. ಇರುವುದು ಮಾತ್ರ ಒಂದು ಪದರ ಬಟ್ಟೆ. ಒಳಗೆ ಪಿಸುಗುಟ್ಟಿದ್ದು ಕೂಡ ಆಚೆ ಟೆಂಟಿಗೆ ಕೇಳುತ್ತದೆ. ಆ ರಾತ್ರಿ ನಮಗೆ ಗೊತ್ತಾದ ಪರರ ಸಂಸಾರದ ಸಂಗತಿಗಳನ್ನು ಬರೆದರೆ ಇನ್ನೊಂದು ಪತ್ರವಾದೀತು.

ಇನ್ನು ಕಾನೂನಿನ ಮಾತು. ನಿಯಮ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ಬಂದದ್ದು 2000ನೇ ಇಸವಿಯಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ; ಸಭಾಂಗಣದಂಥ ಮುಚ್ಚಿದ ಕಟ್ಟಡದೊಳಗಿನ ಬಳಕೆಗೆ ವಿನಾಯಿತಿ ಇದೆ. ಬಟ್ಟೆಯ ಟೆಂಟನ್ನು ಮುಚ್ಚಿದ ಕಟ್ಟಡವೆಂದು ಯಾವ ಅಧಿಕಾರಿಯೂ ಒಪ್ಪಲಾರರು. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಎಂಬ ಮಿತಿಯೂ ಅದರಲ್ಲೇ ಇದೆ. ಬೇಡದ ಶಬ್ದವನ್ನು ಕೇಳು ಎಂದು ಯಾರನ್ನೂ ಬಲವಂತ ಮಾಡುವ ಹಕ್ಕು ಯಾರಿಗೂ ಇಲ್ಲವೆಂದು ಸುಪ್ರೀಂ ಕೋರ್ಟ್ 2005ರ ಜುಲೈನಲ್ಲೇ ಸ್ಪಷ್ಟವಾಗಿ ಹೇಳಿದೆ. ಸಾರ್ವಜನಿಕರಿಗೆ ಉಪದ್ರವ ಮಾಡಿದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಮಿನಲ್ಲಿ ಒಂದು ಸಾವಿರ ರೂಪಾಯಿವರೆಗೆ ದಂಡವಿದೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಇನ್ನೂರು ರೂಪಾಯಿ ಇತ್ತು. ನಾವು ಎರಡು ಟೆಂಟಿಗೆ ಒಂದು ರಾತ್ರಿಗೆ ಕೊಟ್ಟ ಬಾಡಿಗೆ ಇದಕ್ಕಿಂತ ಹೆಚ್ಚು. ಎಂಟು ಜನ ಹಂಚಿಕೊಂಡರೆ ತಲೆಗೆ ನೂರಿಪ್ಪತ್ತೈದು ರೂಪಾಯಿಯಾಗುವ ದಂಡಕ್ಕೆ ಯಾರು ಹೆದರುತ್ತಾರೆ? ಅದಕ್ಕೂ ಮುಂಚೆ, ರಾತ್ರಿ ಒಂದು ಗಂಟೆಗೆ 112ಕ್ಕೆ ಫೋನ್ ಮಾಡಿದರೆ ಪೊಲೀಸರು ಕಾಡುದಾರಿಯಲ್ಲಿ ಅಲ್ಲಿಗೆ ಬರುವಷ್ಟರಲ್ಲಿ ಬೆಳಕು ಹರಿಯುತ್ತದೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಮಗಳು ಭೌತಶಾಸ್ತ್ರ ಓದುತ್ತಾಳೆ. ಆಕೆ ಮೊಬೈಲಿನ ಆ್ಯಪ್‌ನಲ್ಲಿ ನಮ್ಮ ಟೆಂಟಿನೊಳಗೆ ಅಳೆದಾಗ 71 ತೋರಿಸಿತು. ಅದು ಕೋರ್ಟಿನಲ್ಲಿ ಸಾಕ್ಷಿಯಾಗುವ ಅಳತೆಯಲ್ಲ, ಒಪ್ಪುತ್ತೇನೆ. ಆದರೆ ಆಕೆ ಹೇಳಿದ ಲೆಕ್ಕ ಸರಳವಾಗಿದೆ: ಬಯಲಿನಲ್ಲಿ ದೂರ ಹತ್ತು ಪಟ್ಟಾದಾಗ ಶಬ್ದ 20 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 90 ಇರುವ ಸ್ಪೀಕರ್ ಹತ್ತು ಮೀಟರಿಗೆ 70, ನೂರು ಮೀಟರಿಗೆ 50. ಅಂದರೆ ಮುನ್ನೂರು ಅಡಿ ಆಚೆ ಹೋಗಿ ಮಲಗಿದರೂ ರಾತ್ರಿಯ ಮಿತಿಗಿಂತ ಹೆಚ್ಚೇ. ಹಿನ್ನೀರಿನ ದಂಡೆಯಲ್ಲಿ ಇದು ಇನ್ನೂ ಕೆಟ್ಟದು. ಸಪಾಟಾದ ನೀರು ಶಬ್ದವನ್ನು ಹೀರುವುದಿಲ್ಲ. ರಾತ್ರಿ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ ಕೂತು ಅದರ ಮೇಲೆ ಬೆಚ್ಚನೆಯ ಪದರವಿದ್ದಾಗ, ಮೇಲಕ್ಕೆ ಹೋಗಬೇಕಾದ ಶಬ್ದ ಮತ್ತೆ ಕೆಳಕ್ಕೆ ಬಾಗಿ ದೂರದೂರಕ್ಕೆ ಸಾಗುತ್ತದೆ. ಮರಗಿಡಗಳ ಎಲೆ ತೀಕ್ಷ್ಣ ಸ್ವರಗಳನ್ನಷ್ಟೇ ತಡೆಯುತ್ತದೆ. ಡುಬ್ ಡುಬ್ ಎನ್ನುವ ಮಂದ್ರದ ಹೊಡೆತಕ್ಕೆ ಕಾಡೂ ಅಡ್ಡವಲ್ಲ, ಮನೆಯ ಗೋಡೆಯೂ ಅಡ್ಡವಲ್ಲ.

ಎದುರು ದಂಡೆಯಲ್ಲಿ, ಗುಡ್ಡದ ಬದಿಯಲ್ಲಿ ಊರುಗಳಿವೆ ಎಂಬುದು ಪ್ರವಾಸಕ್ಕೆ ಬಂದವರಿಗೆ ಹೊಳೆಯುವುದೇ ಇಲ್ಲ. ರಾತ್ರಿ ದೀಪ ಕಾಣದಿದ್ದರೆ ಮನುಷ್ಯರಿಲ್ಲ ಎಂದು ತಿಳಿಯುತ್ತಾರೆ. ಕಾವಲಿನವರ ಮೊಮ್ಮಗ ಎಸ್ಸೆಸ್ಸೆಲ್ಸಿಯಂತೆ. ಫೆಬ್ರವರಿ, ಮಾರ್ಚಿನ ಪ್ರತಿ ಶನಿವಾರ ಆ ಹುಡುಗ ಓದುವುದಕ್ಕೆ ಅತ್ತೆಯ ಮನೆಗೆ ಹೋಗುತ್ತಾನಂತೆ. ಪ್ರವಾಸಿಗರಿಗೆ ಅದು ವರ್ಷಕ್ಕೊಂದು ರಾತ್ರಿ, ಊರಿನವರಿಗೆ ವಾರಕ್ಕೆರಡು. ಕಾಡಿನ ಪ್ರಾಣಿಗಳ ಮಾತು ಬೇರೆ. ಈ ಹಿನ್ನೀರಿನ ಸುತ್ತಲಿರುವುದು ಶರಾವತಿ ಕಣಿವೆ ಅಭಯಾರಣ್ಯ. ಸಿಂಗಳೀಕಗಳಿಗಾಗಿ 2019ರಲ್ಲಿ ಅದರ ವ್ಯಾಪ್ತಿಯನ್ನೂ ಹಿಗ್ಗಿಸಲಾಯಿತು. ರಾತ್ರಿ ನೀರಿಗೆ ಇಳಿಯಬೇಕಾದ ಕಾಟಿ, ಕಡವೆಗಳು ದಂಡೆಯಲ್ಲಿ ಬೆಂಕಿ, ಬೆಳಕು, ಪಟಾಕಿ ಇದ್ದರೆ ಎಲ್ಲಿಗೆ ಹೋಗಬೇಕು? ಕಪ್ಪೆಗಳಿಗೆ ಕೂಗೇ ಸಂಗಾತಿಯನ್ನು ಕರೆಯುವ ದಾರಿ. ಆ ಕೂಗು ಕೇಳಿಸದಿದ್ದರೆ ಅವಕ್ಕೆ ಆ ಮಳೆಗಾಲವೇ ವ್ಯರ್ಥ.

ಇಷ್ಟು ಹೇಳಿದಾಗ ಒಬ್ಬ ಸಹೋದ್ಯೋಗಿ ನನ್ನನ್ನು ಕೇಳಿದರು: ‘ನಿಮ್ಮ ಕಡೆ ರಾತ್ರಿಯಿಡೀ ಯಕ್ಷಗಾನ ಆಡುವುದಿಲ್ಲವೇ ಮೇಡಂ? ಚಂಡೆ ಮೂರು ಊರಿಗೆ ಕೇಳುತ್ತದೆ. ಅದು ಗದ್ದಲವಲ್ಲವೇ?’ ಈ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಮಲೆನಾಡು ನಿಶ್ಶಬ್ದದ ಸೀಮೆ ಎಂದು ನಾನೂ ಹೇಳಲಾರೆ; ಮದುವೆಯ ವಾಲಗ, ಭಜನೆ, ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರ ಹಾಡು ಎಲ್ಲವೂ ಇವೆ. ಆದರೆ ಯಕ್ಷಗಾನದ ಆಟ ಯಾವಾಗ, ಎಲ್ಲಿ, ಯಾವ ಪ್ರಸಂಗ ಎಂದು ಊರಿಗೆಲ್ಲ ವಾರ ಮೊದಲೇ ಗೊತ್ತಿರುತ್ತದೆ. ಅರ್ಧ ಊರು ಚಾಪೆ ಹಿಡಿದು ಅಲ್ಲೇ ಇರುತ್ತದೆ. ಬಾಣಂತಿಯೋ ಕಾಯಿಲೆಯವರೋ ಇದ್ದ ಮನೆಯವರು ಬಂದು ಹೇಳಿದರೆ ಮೈಕಿನ ಬಾಯಿಯನ್ನು ಬೇರೆ ಕಡೆಗೆ ತಿರುಗಿಸಿದ್ದನ್ನು ನಾನೇ ನೋಡಿದ್ದೇನೆ. ನಿಯಮದಲ್ಲಿಯೂ ಇಂಥ ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ, ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಎಷ್ಟೋ ಮೇಳಗಳೇ ಈಗ ಕಾಲಮಿತಿ ಪ್ರಯೋಗಕ್ಕೆ ಹೊರಳಿವೆ. ಶತಮಾನಗಳ ಕಲೆಯೊಂದು ಗಡಿಯಾರ ನೋಡಿಕೊಂಡು ಆಡಬಹುದಾದರೆ, ಹೋದ ವರ್ಷ ಕೊಂಡ ಬ್ಲೂಟೂತ್ ಸ್ಪೀಕರಿಗೆ ಅದಕ್ಕಿಂತ ಹೆಚ್ಚಿನ ಸ್ವಾತಂತ್ರ್ಯ ಏಕೆ ಎಂಬುದು ನನಗೆ ಅರ್ಥವಾಗುವುದಿಲ್ಲ.

ಜನ ಬರುವುದು ಕಡಿಮೆಯಾಗುವುದಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದದ್ದು ಹಿನ್ನೀರಿನ ಆಚೆಯ ಜನರಿಗೆ ಆರು ದಶಕಗಳ ನಂತರ ಸಿಕ್ಕ ನ್ಯಾಯ. ಅದಕ್ಕೆ ನಮ್ಮ ಮನೆಯಲ್ಲಿಯೂ ಸಿಹಿ ಮಾಡಿದ್ದೆವು. ಆದರೆ ಲಾಂಚ್ ಇದ್ದಾಗ ಸಂಜೆ ಕೊನೆಯ ಟ್ರಿಪ್ಪಿನ ನಂತರ ಆಚೆ ದಡ ತನ್ನಷ್ಟಕ್ಕೆ ತಾನೇ ಶಾಂತವಾಗುತ್ತಿತ್ತು. ಈಗ ಯಾವ ಹೊತ್ತಿಗಾದರೂ ಎಷ್ಟು ಗಾಡಿಯಾದರೂ ಹೋಗಬಹುದು. ನೀರು ಹಾಕಿದ್ದ ಮಿತಿಯನ್ನು ಇನ್ನು ಮನುಷ್ಯರೇ ಹಾಕಿಕೊಳ್ಳಬೇಕಾಗಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಚಾರಣಿಗರು ನುಗ್ಗಿದಾಗ ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಅದೇ ವರ್ಷ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ ಇಷ್ಟೇ ಜನ ಎಂಬ ವ್ಯವಸ್ಥೆ ತಂದಿತು. ನಡೆದು ಹೋಗುವವರಿಗೆ ಇರುವ ಲೆಕ್ಕ ಮಲಗುವವರಿಗೆ ಏಕಿಲ್ಲ?

ನಾನು ಕೇಳುತ್ತಿರುವುದು ನಿಷೇಧವಲ್ಲ, ಹುಡುಗರನ್ನು ಓಡಿಸಿ ಎಂದೂ ಅಲ್ಲ. ರಾತ್ರಿ ಹತ್ತರ ನಂತರ ಆ ಜಾಗಕ್ಕೆ ಯಾರು ಯಜಮಾನರು ಎಂಬ ಒಂದು ಪ್ರಶ್ನೆಗೆ ಉತ್ತರ ಬೇಕು. ಈಗ ಕೊನೆಗೆ ಎದ್ದಿರುವವನೇ ಯಜಮಾನ. ಟೆಂಟ್ ತಾಣ ಸರ್ಕಾರದ್ದಿರಲಿ, ಪಂಚಾಯಿತಿಯದಿರಲಿ, ಗುತ್ತಿಗೆಗೆ ಪಡೆದ ಖಾಸಗಿಯವರದಿರಲಿ, ರಾತ್ರಿ ಸ್ಥಳದಲ್ಲಿಯೇ ಇರುವ, ಗುಂಪೊಂದನ್ನು ಹೊರಗೆ ಕಳುಹಿಸುವ ಅಧಿಕಾರವಿರುವ ಒಬ್ಬರ ಹೆಸರು ಗೇಟಿನ ಬೋರ್ಡಿನಲ್ಲಿ ಇರಬೇಕು. ಅಂಥವರಿಲ್ಲದ ಜಾಗಕ್ಕೆ ಪ್ರವಾಸೋದ್ಯಮ ಇಲಾಖೆಯಾಗಲಿ ಗ್ರಾಮ ಪಂಚಾಯಿತಿಯಾಗಲಿ ಅನುಮತಿ ಕೊಡಬಾರದು. ಬುಕಿಂಗ್ ಮಾಡುವಾಗಲೇ ಗುಂಪಿಗೆ ಇಷ್ಟೆಂದು ಠೇವಣಿ ಇರಿಸಿಕೊಂಡು, ಗಲಾಟೆಯಿಲ್ಲದೆ ರಾತ್ರಿ ಕಳೆದರೆ ಬೆಳಿಗ್ಗೆ ಹಿಂತಿರುಗಿಸಲಿ. ಕಾನೂನಿನ ಸಾವಿರ ರೂಪಾಯಿಗೆ ಹೆದರದವರು ತಮ್ಮದೇ ಎರಡು ಸಾವಿರಕ್ಕೆ ಖಂಡಿತ ಹೆದರುತ್ತಾರೆ. ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿ ಕೂತು ನಾನು ಕಲಿತದ್ದು ಇಷ್ಟು. ಎಂಟು ಗಂಟೆಯ ನಂತರ ಹೊಸ ಗಾಡಿಗಳನ್ನು ಒಳಕ್ಕೆ ಬಿಡದಿದ್ದರೆ ಅರ್ಧ ಗೊಂದಲ ಅಲ್ಲಿಯೇ ಮುಗಿಯುತ್ತದೆ. ಜಾಗ ದೊಡ್ಡದಿದ್ದರೆ ಕುಣಿಯುವ ಗುಂಪುಗಳನ್ನು ಒಂದು ತುದಿಗೂ ಮಕ್ಕಳು ಮುದುಕರಿರುವ ಸಂಸಾರಗಳನ್ನು ಇನ್ನೊಂದು ತುದಿಗೂ ಹಾಕುವುದು ಕಷ್ಟವಲ್ಲ, ಮದುವೆ ಛತ್ರದಲ್ಲಿ ಕೋಣೆ ಹಂಚುವವರಿಗೂ ಅಷ್ಟು ತಿಳಿದಿರುತ್ತದೆ. ಮತ್ತು ದಯವಿಟ್ಟು ಕಂಬಳಿ ಹೊದ್ದ ಆ ಕಾವಲಿನವರ ಸಂಬಳವನ್ನು ಪ್ರವಾಸಿಗರು ಕೊಡುವ ಸ್ಟಾರಿಗೆ ಕಟ್ಟಿಹಾಕಬೇಡಿ.

ತಂದೆಯವರು ಆ ರಾತ್ರಿಯ ಬಗ್ಗೆ ಮನೆಗೆ ಬಂದ ಮೇಲೆ ಏನೂ ದೂರಲಿಲ್ಲ. ಮೊನ್ನೆ ಮಾತ್ರ, ನೀರು ಇನ್ನೂ ಇಳಿದರೆ ಹಿನ್ನೀರಿನಲ್ಲಿ ಮುಳುಗಿರುವ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಮಳೆಗೆ ಮುಂಚೆ ಇನ್ನೊಮ್ಮೆ ಹೋಗೋಣವೇ ಎಂದು ಕೇಳಿದರು. ಈ ಸಲ ಮೊದಲೇ ವಿಚಾರಿಸುವುದು ಒಳ್ಳೆಯದೆಂದು ಬೇರೊಂದು ತಾಣಕ್ಕೆ ಫೋನ್ ಮಾಡಿ, ‘ರಾತ್ರಿ ಹೊತ್ತು ಅಲ್ಲಿ ಹಾಡು ಸ್ಪೀಕರ್ ಎಲ್ಲ ಹೇಗೆ?’ ಎಂದು ಕೇಳಿದೆ. ಆ ಕಡೆಯಿಂದ ಬಹಳ ಉತ್ಸಾಹದ ಉತ್ತರ ಬಂತು: ‘ಏನೂ ಯೋಚನೆ ಮಾಡ್ಬೇಡಿ ಮೇಡಂ, ದೊಡ್ಡ ಸ್ಪೀಕರ್ ನಮ್ಮಲ್ಲೇ ಇದೆ, ಬಾಡಿಗೆ ಮಾತ್ರ ಎಕ್ಸ್‌ಟ್ರಾ.’ ತಂದೆಯವರಿಗೆ ಇನ್ನೂ ಏನೂ ಹೇಳಿಲ್ಲ.

ಇಂತಿ ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ವಿನೋಬನಗರ, ಶಿವಮೊಗ್ಗ